ಹೊಟ್ಟೆಯ ಕಡೆಯ ಚುಕ್ಕಿ

ಚಿಕ್ಕಮುನಿಯಪ್ಪನವರ ಹೆಸರಿನಲ್ಲಿ ಒಟ್ಟು ಹದಿನಾಲ್ಕು ಕೇಸುಗಳಿದ್ದವು. ಗಾಬರಿಯಾಗಬೇಡಿ, ಒಂದಕ್ಕೂ ವಕೀಲರು ಬೇಕಿರಲಿಲ್ಲ. ಅಚ್ಚಿನ ಮೊಳೆಗಳನ್ನು ಅಕ್ಷರಕ್ಕೊಂದು ಗೂಡಿನಂತೆ ತುಂಬಿಡುವ ಮರದ ತಟ್ಟೆಗೆ ಪ್ರೆಸ್ಸಿನವರು ಕೇಸು ಅನ್ನುತ್ತಾರೆ. ರಾಜಾಜಿನಗರದಲ್ಲಿ ಸೇತುರಾಮ ಎಂಬುವರು ನಡೆಸುತ್ತಿದ್ದ ಪುಟ್ಟ ಮುದ್ರಣಾಲಯದಲ್ಲಿ ಅವರು ಆ ಕೇಸುಗಳ ಮುಂದೆ ಮೂವತ್ತಾರು ವರ್ಷ ನಿಂತರು. ನಿಜವಾಗಿಯೂ ನಿಂತರು; ಮೊಳೆ ಜೋಡಿಸುವವರಿಗೆ ಕುರ್ಚಿ ಕೊಡುವ ಪದ್ಧತಿ ಅಲ್ಲಿರಲಿಲ್ಲ. ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆಯ ಕರಪತ್ರ ಹೀಗೆ ನಮ್ಮ ಕಡೆಯ ಜನ ಕೂಡಿದ್ದು, ಕಳಚಿಕೊಂಡಿದ್ದು, ಐದು ವರ್ಷಕ್ಕೊಮ್ಮೆ ಕೈ ಮುಗಿದದ್ದು ಎಲ್ಲವೂ ಅವರ ಬೆರಳ ತುದಿಯನ್ನು ದಾಟಿಯೇ ಹೋಗಬೇಕಿತ್ತು. ಅಚ್ಚಿನ ಕೆಲಸ ಅವರಿಗೆ ಅಚ್ಚುಮೆಚ್ಚು ಎಂದು ನಾನೊಮ್ಮೆ ಹೇಳಿದಾಗ ಅವರು ನಗಲಿಲ್ಲ. "ಹೌದು ಸಾರ್" ಅಂದು ಕೆಲಸ ಮುಂದುವರಿಸಿದರು. ನನ್ನ ಚಮತ್ಕಾರಗಳಿಗೆ ಸಿಕ್ಕಿದ ಪ್ರಾಮಾಣಿಕ ಪ್ರತಿಕ್ರಿಯೆ ಅದೊಂದೇ.

ಆದರೆ ಅವರ ಹೆಸರು ರಾಜಾಜಿನಗರದಾಚೆಗೂ ಗೊತ್ತಾಗಿದ್ದು ಸಂಗೀತದಿಂದ. ಹಾಗೆಂದು ಅವರು ಹಾಡುತ್ತಿರಲಿಲ್ಲ. "ನಮ್ಮೋರು ಬಾಯಿ ಬುಟ್ರೆ ಸಾಕು, ಪಕ್ಕದ ಮನೆಯೋರು ಯಾರೋ ಹೋಗ್ಬುಟ್ರು ಅಂತ ಬಂದ್ಬುಡ್ತಾರೆ" ಎನ್ನುತ್ತಿದ್ದರು ಅವರ ಹೆಂಡತಿ ಅಂಜಮ್ಮ.

ಬಸವೇಶ್ವರನಗರದ ಪಕ್ಕದಲ್ಲಿ ಇನ್ನೂ ರಾಗಿ ಹೊಲವಿದ್ದ ಕಾಲ ಅದು, ೧೯೭೬. ಅಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಇಂದ್ರಮ್ಮ ಎಂಬುವರು ಒಂದು ಪಾಠದ ಪುಸ್ತಕ ಅಚ್ಚು ಹಾಕಿಸಲು ಹೊರಟು ನಾಲ್ಕು ಪ್ರೆಸ್ಸಿನಿಂದ ವಾಪಸು ಬಂದಿದ್ದರು. ಕಷ್ಟವೆಲ್ಲ ಚುಕ್ಕಿಯದು. ಸರಿಗಮ ಬರೆಯುವಾಗ ಮೇಲಿನ ಸ್ಥಾಯಿಯ ಸ್ವರಕ್ಕೆ ತಲೆಯ ಮೇಲೊಂದು ಚುಕ್ಕಿ, ಕೆಳಗಿನ ಸ್ಥಾಯಿಯದಕ್ಕೆ ಕಾಲ ಕೆಳಗೊಂದು ಚುಕ್ಕಿ, ನಡುವಿನದಕ್ಕೆ ಏನೂ ಇಲ್ಲ. ಬರೆಯುವ ಕೈಗೆ ಇದು ಸುಲಭ. ಸೀಸದ ಮೊಳೆಯಲ್ಲಿ ಅಂಥ ಅಕ್ಷರವೇ ಇರಲಿಲ್ಲ.

"ಅಮ್ಮಾವ್ರೇ, ಈ ಚುಕ್ಕಿ ಹಾಕ್ದೆ ಇದ್ರೆ ಏನಾಯ್ತದೆ?" ಎಂದು ಚಿಕ್ಕಮುನಿಯಪ್ಪ ಕೇಳಿದರಂತೆ.

"ಏನೂ ಆಗಲ್ಲ. ಮಹಡಿ ಮೇಲೆ ಇರ್ಬೇಕಾದೋರು ನಡುಮನೇಲಿ ಕೂತಿರ್ತಾರೆ, ಅಷ್ಟೇ."

"ಅಂಗಾದ್ರೆ ಹಾಕ್ಲೇಬೇಕು ಬುಡಿ."

ಪೂರ್ಣವಿರಾಮದ ಮೊಳೆಗಳನ್ನು ಆರಿಸಿ, ಅರದಿಂದ ಉಜ್ಜಿ, ಅವರೇ ಚುಕ್ಕಿ ಮಾಡಿಕೊಂಡರು. ಹಾಡಿನ ಒಂದು ಸಾಲಿಗೆ ಮೊಳೆಯಲ್ಲಿ ಮೂರು ಸಾಲು ಕಟ್ಟಿದರು: ಮೇಲಿನ ಚುಕ್ಕಿಗಳದು, ಸ್ವರಗಳದು, ಕೆಳಗಿನ ಚುಕ್ಕಿಗಳದು. ತಾಳದ ಪೆಟ್ಟು ಬೀಳುವ ಜಾಗಗಳೆಲ್ಲ ಪುಟದಲ್ಲಿ ಒಂದರ ಕೆಳಗೊಂದು ಬರುವಂತೆ ನಡುನಡುವೆ ಖಾಲಿ ಮೊಳೆ ತುಂಬಿದರು. ದಿನಕ್ಕೆ ಒಂದು ಪುಟ ಮುಗಿದರೆ ಹೆಚ್ಚು. ಆ ಪುಸ್ತಕ ಈಗಲೂ ನನ್ನಲ್ಲಿದೆ. ಬೆರಳಾಡಿಸಿದರೆ ಸ್ವರಗಳು ಕಾಗದದಲ್ಲಿ ತಗ್ಗುತಗ್ಗಾಗಿ ಸಿಗುತ್ತವೆ. ಅದನ್ನು ಮುಂದಿಟ್ಟುಕೊಂಡು ನಾನು ಇಂದ್ರಮ್ಮನವರಲ್ಲಿ ಮೂರು ವರ್ಷ ಕಲಿತೆ. ಪುಸ್ತಕದಲ್ಲಿ ದೋಷವಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೊಳೆಯ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅದನ್ನು ಜೋಡಿಸುವವರು ಅಂಗೈಯಗಲದ ಕಬ್ಬಿಣದ ಪಟ್ಟಿಯಲ್ಲಿ ತಲೆಕೆಳಗಾಗಿಟ್ಟು ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತಾರೆ. ಅಂದರೆ ಅಕ್ಷರದ ತಲೆ ಸದಾ ಅವರ ಹೊಟ್ಟೆಯ ಕಡೆಗೆ, ಕಾಲು ಆಚೆಗೆ. ಚಿಕ್ಕಮುನಿಯಪ್ಪನವರ ಕೈಗೆ ಮೂವತ್ತಾರು ವರ್ಷ ಮೇಲೆ ಎಂದರೆ ಹೊಟ್ಟೆಯ ಕಡೆ, ಮೇಲಿನ ಚುಕ್ಕಿ ಎಂದರೆ ಹೊಟ್ಟೆಯ ಕಡೆಯ ಚುಕ್ಕಿ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಪಿಯಾನೋ ಕಲಿಸುತ್ತಿದ್ದರು. ಅವರ ಬಳಿ ವಿದೇಶದ ಹಳೆಯ ಹಾಳೆಗಳಿದ್ದವು. ಐದು ಗೆರೆಯ ತಂತಿಯ ಮೇಲೆ ಗುಬ್ಬಿಗಳಂತೆ ಕೂತ ಸ್ವರಗಳು. ಅವನ್ನು ಲೋಹದ ತಗಡಿನ ಮೇಲೆ ಒಂದೊಂದಾಗಿ ಉಳಿಯಿಂದ ಹೊಡೆದು, ಕೊರೆದು, ಅಚ್ಚು ತೆಗೆಯುತ್ತಿದ್ದರೆಂದು ಸಿಸ್ಟರ್ ಹೇಳಿದ್ದರು. ಎಷ್ಟೋ ವರ್ಷದ ಮೇಲೆ ಇದನ್ನು ಚಿಕ್ಕಮುನಿಯಪ್ಪನವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟರು.

"ಉಲ್ಟಾ ಕೊರೀತಿದ್ರಾ ಸಾರ್?"

"ಉಲ್ಟಾನೇ."

"ನಮ್ ಥರಾನೇ!" ಅಂದರು. ದೂರದೂರಿನಲ್ಲಿ ಅಣ್ಣತಮ್ಮಂದಿರಿದ್ದಾರೆಂದು ಈಗ ತಿಳಿದವರ ಮುಖವಾಗಿತ್ತು ಅದು.

೧೯೯೯ರಲ್ಲಿ ಸೇತುರಾಮರು ಪ್ರೆಸ್ಸು ಮುಚ್ಚಿದರು. ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದು ಸೀಸದ ವ್ಯಾಪಾರಿಗೆ ತೂಕಕ್ಕೆ ಹಾಕಿದರು. ಚುಕ್ಕಿಗಳೂ ಅದರಲ್ಲೇ ಹೋದವು. ಚಿಕ್ಕಮುನಿಯಪ್ಪ ವಿಜಯನಗರದ ಒಂದು ಡಿಟಿಪಿ ಸೆಂಟರಿನಲ್ಲಿ ತಪ್ಪು ತಿದ್ದುವ ಕೆಲಸಕ್ಕೆ ಸೇರಿದರು. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ನಡೆದೇ ಬರುತ್ತಿದ್ದರು. ಮೊದಲ ಬಾರಿಗೆ ಅವರಿಗೆ ಒಂದು ಕುರ್ಚಿ ಸಿಕ್ಕಿತು. ಅದರಲ್ಲಿ ಹೇಗೆ ಕೂರಬೇಕೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಬಸ್ಸು ಬಂದರೆ ಏಳಲು ತಯಾರಾದವರಂತೆ ತುದಿಯಲ್ಲಿರುತ್ತಿದ್ದರು.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಕಲಾವತಿ. ರೋಣದ ಕಡೆಯ ಹೆಣ್ಣುಮಗಳು, ಚುರುಕು, ಮಾತು ಅದಕ್ಕಿಂತ ಚುರುಕು.

"ಏನ್ರೀ ಅಜ್ಜಾರ, ಹಾಳಿ ತಲಿಕೆಳಗ ಹಿಡ್ಕೊಂಡು ಓದಾಕತ್ತೀರಲ್ಲ! ಪೇಪರ್ನ್ಯಾಗಿನ ಮಂತ್ರಿಗೋಳು ಹಂಗರ ಸೀದಾ ಕಾಣಸ್ತಾರೇನ?"

"ಸುಮ್ಕಿರವ್ವ. ತಪ್ಪು ಸಿಗಾದು ಹಿಂಗೇಯ."

ಸಿಗುತ್ತಲೂ ಇತ್ತು. ನೆಟ್ಟಗೆ ಓದುವಾಗ ಅರ್ಥ ಅಡ್ಡ ಬರುತ್ತದೆ, ತಲೆಕೆಳಗೆ ಓದಿದರೆ ಬರೀ ಅಕ್ಷರ ಕಾಣುತ್ತದೆ ಎಂಬುದು ಅವರ ಸಿದ್ಧಾಂತ.

೨೦೦೪ರಲ್ಲಿ ಇಂದ್ರಮ್ಮನವರಿಗೆ ಎಪ್ಪತ್ತೆರಡು. ಕಣ್ಣಿನ ನರ ಒಣಗುತ್ತಿತ್ತು. ಕೀಲಿಕೈ ತೂತಿನಲ್ಲಿ ನೋಡಿದಷ್ಟು ಮಾತ್ರ ಲೋಕ ಉಳಿದಿತ್ತು, ಅದೂ ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿದ್ದರು. ಅವರ ಗುರುಗಳು ಕಟ್ಟಿದ ಎಂಟು ವರ್ಣಗಳು, ಅಂದರೆ ಸ್ವರವೂ ಸಾಹಿತ್ಯವೂ ಹೆಣೆದ ಹಾಡುಗಳು, ಅವರೊಬ್ಬರಿಗೇ ಬರುತ್ತಿದ್ದವು. ಗುರುಗಳು ಹೋಗಿದ್ದರು, ಜೊತೆಗೆ ಕಲಿತವರೂ ಹೋಗಿದ್ದರು. ತಮ್ಮ ಹಾಡನ್ನು ಎಂದೂ ಕೇಳದವರೂ ನೋಡಿ ಸರಿಯಾಗಿ ಹಾಡುವಂಥ ಪುಸ್ತಕವೊಂದು ಬರಬೇಕು, ಕಣ್ಣು ಪೂರ್ತಿ ಹೋಗುವುದರೊಳಗೆ. ಅವರಿಗೆ ಬೇಕಿದ್ದದ್ದು ಇಷ್ಟೆ. ಕೈಬರಹದ ಕಟ್ಟನ್ನು ವಿಜಯನಗರಕ್ಕೆ ಹೊತ್ತುಕೊಂಡು ಹೋದವನು ನಾನು. ಕಂಪ್ಯೂಟರಿನಲ್ಲಿ ಎಲ್ಲ ಆಗುತ್ತದೆ ಮೇಡಂ ಎಂದವನೂ ನಾನೇ.

ಎಲ್ಲ ಆಯಿತು, ಚುಕ್ಕಿ ಆಗಲಿಲ್ಲ. ಆಗಿನ ಕನ್ನಡ ಫಾಂಟುಗಳಲ್ಲಿ ಸ್ವರದ ತಲೆಗೆ ಚುಕ್ಕಿಯಿಡುವ ವ್ಯವಸ್ಥೆ ಇರಲಿಲ್ಲ. ಕಲಾವತಿ ಚುಕ್ಕಿಗಳನ್ನು ಬೇರೆ ಡಬ್ಬಿಗಳಲ್ಲಿಟ್ಟು ಎಳೆದು ತಂದು ಕೂರಿಸಿದಳು. ಒಂದು ಪದ ಸೇರಿಸಿದರೆ ಸ್ವರ ಮುಂದಕ್ಕೆ ಜರುಗುತ್ತಿತ್ತು, ಚುಕ್ಕಿ ಇದ್ದಲ್ಲೇ ಇರುತ್ತಿತ್ತು, ಬಸ್ಸು ಹೋದ ಮೇಲೂ ನಿಲ್ದಾಣದಲ್ಲಿ ನಿಂತವರ ಹಾಗೆ. ಸಾಲುಗಳ ಎರಡೂ ಅಂಚು ಸಮ ಮಾಡಲು ಅವಳು ಜಸ್ಟಿಫೈ ಒತ್ತಿದಾಗ ತಾಳದ ಪೆಟ್ಟುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಜಸ್ಟಿಫೈ ಆಯಿತು, ನ್ಯಾಯ ಮಾತ್ರ ಸಿಗಲಿಲ್ಲ. ಮೊದಲ ಪ್ರೂಫನ್ನು ಇಂದ್ರಮ್ಮ ಮೂಗಿಗೆ ತಾಗಿಸಿ ಹಿಡಿದರು. ಆಮೇಲೆ ಬೆರಳಿನಿಂದ ಸವರಿದರು.

"ಇದರಲ್ಲಿ ಏನೂ ಇಲ್ವಲ್ಲ ಕಣೋ. ಬರೀ ನುಣ್ಣಗಿದೆ."

"ಅಕ್ಷರ ಇದೆ ಮೇಡಂ. ಸಣ್ಣಗಿದೆ, ಅಷ್ಟೇ."

"ಸಣ್ಣಗಿರೋದು ನನಗೆ ಇಲ್ಲದ ಹಾಗೇ. ಹಳೇ ಪುಸ್ತಕ ಕತ್ತಲೇಲೂ ಓದ್ತೀನಿ ನಾನು. ಚಿಕ್ಕಮುನಿಯಪ್ಪನೋರನ್ನ ಕರ್ಕೊಂಡ್ಬಾ."

ಅವರು ಬಂದರು. ಅಕ್ಷರ ಕಂಪ್ಯೂಟರಿನದಿರಲಿ, ದಪ್ಪಗಿರಲಿ, ತಾಳದ ಜಾಗ ನಾನು ಅಳತೆಪಟ್ಟಿ ಹಿಡಿದು ಹೇಳುತ್ತೇನೆ, ಚುಕ್ಕಿಯನ್ನು ನಾನೇ ಕೈಯಲ್ಲಿ ಇಡುತ್ತೇನೆ ಎಂದರು. ಅಚ್ಚಿಗೆ ಬೇಕಾದ ಲೋಹದ ಪ್ಲೇಟು ಮಾಡುವ ಮೊದಲು ಪುಟಗಳನ್ನು ಬಟರ್ ಪೇಪರ್ ಎಂಬ ಅರೆಪಾರದರ್ಶಕ ಹಾಳೆಯ ಮೇಲೆ ತೆಗೆಯುತ್ತಾರೆ. ಹೆಸರಿಗೆ ಬೆಣ್ಣೆ, ಮುಟ್ಟಿದರೆ ಹಪ್ಪಳ. ಅದರ ಮೇಲೆ ಇಂಕಿನ ಪೆನ್ನಿನಿಂದ ಚುಕ್ಕಿಯಿಟ್ಟರೆ ಅದೂ ಅಚ್ಚಾಗುತ್ತದೆ.

"ನನಗೆ ಸರಿನೋಡೋಕೆ ಆಗಲ್ಲ ಚಿಕ್ಕಮುನಿಯಪ್ಪನೋರೇ. ನಿಮ್ಮ ಕಣ್ಣೇ ನನ್ನ ಕಣ್ಣು."

"ಒಂದ್ ಚುಕ್ಕಿ ಎಚ್ಚುಕಮ್ಮಿ ಆಗಕ್ಕಿಲ್ಲ ಅಮ್ಮಾವ್ರೇ."

ಪ್ಲೇಟಿಗೆ ಅನುಕೂಲವೆಂದು ಆ ಹಾಳೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೆಗೆಯುವುದು ರೂಢಿ. ಮೊದಲ ಹಾಳೆ ಕೈಗೆ ಬಂದಾಗ ಚಿಕ್ಕಮುನಿಯಪ್ಪ ಹಿಗ್ಗಿಹೋದರು. "ಮೊಳೆ ಬಂದಂಗೇ ಬಂದದಲ್ಲವ್ವ!" ಅಂದರು. ಹಾಳೆಯನ್ನು ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟುಕೊಂಡು, ಕೈಬರಹ ಪಕ್ಕಕ್ಕಿಟ್ಟು, ಹಳೆಯ ವೇಗದಲ್ಲಿ ಚುಕ್ಕಿ ಹಾಕತೊಡಗಿದರು. ಮೇಲಿನದು ಹೊಟ್ಟೆಯ ಕಡೆಗೆ, ಕೆಳಗಿನದು ಆಚೆಗೆ. ಐವತ್ಮೂರು ಪುಟ ಹೀಗೆ ಮುಗಿಯಿತು. ಒಂದೂ ತಪ್ಪಿರಲಿಲ್ಲ.

ಉಳಿದದ್ದು ಹನ್ನೊಂದು ಪುಟ, ಎಂಟನೆಯ ವರ್ಣದ್ದು. ಎಂಟರಲ್ಲೂ ಅದೇ ದೊಡ್ಡದು. ಅದರ ಕೊನೆಯಲ್ಲಿ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ಸ್ಥಾಯಿಗೆ ಏರಿ ಅಲ್ಲೇ ಬಹಳ ಹೊತ್ತು ನಿಲ್ಲುತ್ತವೆ. ಹಾಡುವಾಗ ಇಂದ್ರಮ್ಮನವರ ಕತ್ತಿನ ನರ ಉಬ್ಬುತ್ತಿತ್ತು. ಪುಸ್ತಕ ಬಿಡುಗಡೆಯ ದಿನ ಗೊತ್ತಾಗಿತ್ತು, ಪ್ಲೇಟಿನವನು ಅವಸರ ಮಾಡುತ್ತಿದ್ದ. ಅಜ್ಜ ವಾರಗಟ್ಟಲೆ ಕತ್ತು ಬಗ್ಗಿಸಿ ಉಲ್ಟಾ ಹಾಳೆಯ ಜೊತೆ ಒದ್ದಾಡುವುದನ್ನು ಕಂಡು ಕಲಾವತಿಗೆ ಪಾಪ ಅನ್ನಿಸಿತು. ಪ್ಲೇಟಿನವನು ಮಗುಚಿ ಹಾಕಿಕೊಳ್ಳುತ್ತಾನೆ ಬಿಡು ಎಂದು ಆ ಹನ್ನೊಂದು ಹಾಳೆಗಳನ್ನು ಅವಳು ನೆಟ್ಟಗೆ ತೆಗೆದು, ನೆಟ್ಟಗೆ ಮೇಜಿನ ಮೇಲಿಟ್ಟು, ಒಳ್ಳೆಯದು ಮಾಡಿದ ಸಂತೋಷದಲ್ಲಿ ಊಟಕ್ಕೆ ಹೋದಳು. ಚಿಕ್ಕಮುನಿಯಪ್ಪ ಕೂತರು. ಸ್ವರಗಳನ್ನು ಅವರ ಕಣ್ಣು ನೆಟ್ಟಗೇ ಓದಿತು. ಕೈಯನ್ನು ಯಾರೂ ಕೇಳಲಿಲ್ಲ. ಮೇಲಿನ ಚುಕ್ಕಿಯನ್ನು ಅದು ಎಂದಿನಂತೆ ಹೊಟ್ಟೆಯ ಕಡೆಗೇ ಇಟ್ಟಿತು. ಹನ್ನೊಂದು ಪುಟದುದ್ದಕ್ಕೂ ಮಹಡಿಯವರೆಲ್ಲ ನೆಲಮಾಳಿಗೆಗೆ ಇಳಿದರು. ಸಂಜೆಯೇ ಹಾಳೆಗಳು ಪ್ಲೇಟಿಗೆ ಹೋದವು.

ಬಿಡುಗಡೆ ಬಸವೇಶ್ವರನಗರದ ಒಂದು ದೇವಸ್ಥಾನದ ಸಭಾಂಗಣದಲ್ಲಿ. ಇಂದ್ರಮ್ಮ ಒಂದು ಹಟ ಹಿಡಿದಿದ್ದರು: ಹಾಡುವವರು ತಮ್ಮ ಶಿಷ್ಯೆಯಾಗಿರಬಾರದು, ಈ ವರ್ಣಗಳನ್ನು ಎಂದೂ ಕೇಳಿರದ ಹುಡುಗಿ ಬೇಕು, ಪುಸ್ತಕ ತೆರೆದು ಅಲ್ಲೇ ಹಾಡಬೇಕು. ಪುಸ್ತಕ ಮಾತಾಡುತ್ತದೆಯೋ ಇಲ್ಲವೋ ಗೊತ್ತಾಗುವುದು ಆಗಲೇ. ಕೆಂಗೇರಿಯಿಂದ ಅನು ಎಂಬ ಹುಡುಗಿ ಬಂದಿದ್ದಳು. ಎಂಟನೆಯದನ್ನೇ ಹಾಡಿಸಿದರು.

ಮೊದಲ ಭಾಗದಲ್ಲಿ ಸ್ವರಗಳೆಲ್ಲ ನಡುವಿನ ಸ್ಥಾಯಿಯವು, ಚೆನ್ನಾಗಿ ಹೋಯಿತು. ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ ಚಿಕ್ಕಮುನಿಯಪ್ಪ ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಕೊನೆಯ ಭಾಗ ಬಂತು. ಅನು ಏರಬೇಕಾದ ಕಡೆ ಒಮ್ಮೆಗೇ ಇಳಿದಳು. ಅಷ್ಟು ಕೆಳಗೆ ಅವಳಿಗೆ ಗಂಟಲೇ ಇರಲಿಲ್ಲ. ಗರಗರ ಸದ್ದು ಬಂತು. ಯಾರೋ ನಕ್ಕರು. ಅವಳು ಪುಸ್ತಕವನ್ನು ಹತ್ತಿರಕ್ಕೆ ಹಿಡಿದು ನೋಡಿದಳು, ಮತ್ತೆ ಇಳಿದಳು, ನಿಂತಳು. ಆಮೇಲೆ ಚುಕ್ಕಿಗಳನ್ನೆಲ್ಲ ಬಿಟ್ಟು ನಡುವಿನ ಸ್ಥಾಯಿಯಲ್ಲೇ ಸರಾಗವಾಗಿ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಇಂದ್ರಮ್ಮನವರ ಕೈ ಮಡಿಲಲ್ಲೇ ಇತ್ತು.

ಚಿಕ್ಕಮುನಿಯಪ್ಪ ನನ್ನ ಪಕ್ಕ ಬಂದು ಪುಸ್ತಕ ತೆಗೆದರು. ಆ ಪುಟ ನೋಡಿದರು.

"ಯಾರ್ ಸಾರ್ ಇಕ್ಕಿದ್ದು ಇವ್ನ?"

ಅವರು ಪುಸ್ತಕವನ್ನು ನಿಧಾನವಾಗಿ ತಲೆಕೆಳಗು ಮಾಡಿದರು. ಹೊಟ್ಟೆಯ ಕಡೆ ಇರಬೇಕಾದ ಚುಕ್ಕಿಗಳು ಆಚೆಗಿದ್ದವು. ಮತ್ತೆ ನೆಟ್ಟಗೆ ಮಾಡಿದರು. ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು.

ಮಾರನೆಯ ದಿನ ಇಂದ್ರಮ್ಮನವರ ಮನೆಗೆ ಅವರ ಜೊತೆ ನಾನೂ ಹೋಗಿದ್ದೆ. ಕಲಾವತಿಯೂ ಬಂದಿದ್ದಳು. "ಅಮ್ಮಾರ, ತಪ್ಪು ನಂದರಿ. ಅಜ್ಜಾರಿಗೆ ತ್ರಾಸ ಆಗ್ತದಂತ ಹಾಳಿ ಸೀದಾ ತೆಗದೆ" ಎಂದು ಅತ್ತಳು.

"ನೀನು ಒಳ್ಳೇದಕ್ಕೆ ಮಾಡ್ದೆ ಕಣವ್ವ. ಕೈ ನಂದು" ಎಂದರು ಚಿಕ್ಕಮುನಿಯಪ್ಪ.

ಇಂದ್ರಮ್ಮ ದನಿ ಬಂದ ಕಡೆ ಮುಖ ತಿರುಗಿಸಿದರು. "ನನಗೆ ಕಣ್ಣಿರಲಿಲ್ಲ. ನಿಮಗೇನಾಗಿತ್ತು?"

ಅವರ ಬಾಯಲ್ಲಿ ಅಷ್ಟು ಗಟ್ಟಿಯಾದ ಮಾತನ್ನು ನಾನು ಕೇಳಿರಲಿಲ್ಲ, ಮೂರು ವರ್ಷ ಅಪಸ್ವರ ಹಾಡಿದಾಗಲೂ. ಚಿಕ್ಕಮುನಿಯಪ್ಪ ನಿಂತೇ ಇದ್ದರು. ಇದ್ದ ಪುಸ್ತಕಗಳನ್ನೆಲ್ಲ ತಾವು ಒಯ್ಯುವುದಾಗಿಯೂ ಕೈಯಲ್ಲೇ ತಿದ್ದಿ ತರುವುದಾಗಿಯೂ ಹೇಳಿದರು.

"ಹಂಚಿದ್ದೂ ಇದೆಯಲ್ಲ, ತೊಂಬತ್ತು?"

"ಅವ್ನೂ ಉಡುಕ್ತೀನಿ."

"ಒಂದು ಉಳಿದ್ರೂ ಅದರಿಂದ ಯಾರಾದ್ರೂ ಕಲೀತಾರೆ. ಕಲಿತೋರು ಕಲಿಸ್ತಾರೆ. ಆಮೇಲೆ ನಮ್ಮ ಗುರುಗಳು ಹಾಗೇ ಕಟ್ಟಿದ್ರು ಅಂತಾಗತ್ತೆ. ನಾನು ಇದ್ದು ಏನು ಮಾಡಿದ ಹಾಗಾಯ್ತು?"

ಮುನ್ನೂರು ಪ್ರತಿಗಳಲ್ಲಿ ಇನ್ನೂರ ಹತ್ತು ಗೋವಿಂದರಾಜನಗರದ ಆ ಒಂದೂವರೆ ಕೋಣೆಯ ಮನೆಗೆ ಬಂದವು. ಅಂಜಮ್ಮ ಅಕ್ಕಿ ಡಬ್ಬವನ್ನು ಮಂಚದ ಕೆಳಗೆ ಸರಿಸಿ ಜಾಗ ಮಾಡಿದರು. ಚಿಕ್ಕಮುನಿಯಪ್ಪ ದಿನವೂ ಬೆಳಗಿನ ಬಿಸಿಲಿಗೆ ಬಾಗಿಲಲ್ಲಿ ಕೂತು, ಬ್ಲೇಡಿನ ಮೂಲೆಯಿಂದ ತಪ್ಪು ಚುಕ್ಕಿ ಕೆರೆದು, ಉಗುರಿನಿಂದ ಕಾಗದ ಒತ್ತಿ ನುಣುಪು ಮಾಡಿ, ಸ್ವರದ ತಲೆಯ ಮೇಲೆ ಹೊಸ ಚುಕ್ಕಿ ಇಡುತ್ತಿದ್ದರು. ಪುಟಕ್ಕೆ ನಲವತ್ತೋ ಐವತ್ತೋ. ತೆಳ್ಳನೆಯ ಕಾಗದ, ಕೈ ಅಲುಗಿದರೆ ತೂತು. ದಿನಕ್ಕೆ ಒಂದು ಪುಸ್ತಕ ಮುಗಿದರೆ ಹೆಚ್ಚು. "ಊಟಕ್ಕೆ ಕರುದ್ರೂ ಮ್ಯಾಕೆ ನೋಡಾಕಿಲ್ಲ. ಮೂವತ್ತಾರು ವರ್ಷ ನಿಂತ್ಕಂಡ್ ದುಡುದ್ರು, ಈಗ ಕುಂತ್ಕಂಡ್ ಸಾಯ್ತಾವ್ರೆ" ಎಂದು ಅಂಜಮ್ಮ ನನ್ನ ಮೇಲೆ ರೇಗಿದರು. ರೇಗಲು ನಾನೇ ಸರಿಯಾದ ಮನುಷ್ಯ.

ಬಿಡುಗಡೆಯ ದಿನ ಪುಸ್ತಕ ಪಡೆದವರು ವಿಳಾಸ ಬರೆದುಹೋಗಿದ್ದರು. ಆ ಪಟ್ಟಿ ಹಿಡಿದು ಚಿಕ್ಕಮುನಿಯಪ್ಪ ಉಲ್ಲಾಳ, ಕೆಂಗೇರಿ, ರಾಜರಾಜೇಶ್ವರಿನಗರ ಎಲ್ಲ ಸುತ್ತಿದರು. ಬಾಗಿಲು ತೆರೆದವರು ಏನೋ ಮಾರಲು ಬಂದವರೆಂದುಕೊಳ್ಳುತ್ತಿದ್ದರು. ಕೆಲವರ ಮನೆಯಲ್ಲಿ ಕಾಫಿ ಕೊಟ್ಟರು. ಒಬ್ಬರು "ಬಿಡಿ ತಾತ, ನಮ್ಮನೇಲಿ ಯಾರೂ ಹಾಡಲ್ಲ" ಎಂದರು. "ಯಾರಾದ್ರೂ ಹಾಡ್ಬೋದು ತಾಯಿ" ಎಂದು ಅವರ ಮೆಟ್ಟಿಲ ಮೇಲೇ ಕೂತು ತಿದ್ದಿ ಬಂದರು.

೨೦೦೬ರ ಬೇಸಿಗೆಯಲ್ಲಿ ಇಂದ್ರಮ್ಮ ತೀರಿಕೊಂಡರು. ಅಷ್ಟು ಹೊತ್ತಿಗೆ ಹಂಚಿದ್ದರಲ್ಲಿ ಎಂಬತ್ತೇಳು ಸಿಕ್ಕಿದ್ದವು, ಮೂರು ಸಿಕ್ಕಿರಲಿಲ್ಲ. ಒಂದರ ವಿಳಾಸ ಅಳಿಸಿತ್ತು, ಎರಡು ಮನೆಯವರು ಬಾಡಿಗೆ ಖಾಲಿ ಮಾಡಿದ್ದರು. ಹೋಗುವ ಮುನ್ನ ಆಸ್ಪತ್ರೆಯಲ್ಲಿ ಇಂದ್ರಮ್ಮ ಚಿಕ್ಕಮುನಿಯಪ್ಪನವರನ್ನು ಕೇಳಿದ್ದು ಒಂದೇ ಮಾತು: "ಎಲ್ಲಾ ಆಯ್ತಾ?"

"ಆಯ್ತು ಅಮ್ಮಾವ್ರೇ."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಂದ್ರಮ್ಮ ಅವರ ಕೈ ಹುಡುಕಿ ಹಿಡಿದುಕೊಂಡರು.

೨೦೦೮ರಲ್ಲಿ ವಿಜಯನಗರದಲ್ಲಿ ಮಕ್ಕಳ ಸಂಗೀತ ಸ್ಪರ್ಧೆಯೊಂದು ನಡೆಯಿತು. ಕರಪತ್ರದಲ್ಲಿ ಇಂದ್ರಮ್ಮನವರ ಗುರುಗಳ ಹೆಸರು ಕಂಡು ನಾನೇ ಚಿಕ್ಕಮುನಿಯಪ್ಪನವರನ್ನು ಆಟೋದಲ್ಲಿ ಕರೆದೊಯ್ದೆ. ಖುಷಿಪಡಲಿ ಎಂದು. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಂದು ಎಂಟನೆಯ ವರ್ಣ ಹಾಡಿದಳು. ಒಳ್ಳೆಯ ಕಂಠ. ಕೊನೆಯ ಭಾಗ ಬಂದಾಗ ಚಿಕ್ಕಮುನಿಯಪ್ಪ ಮುಂದಕ್ಕೆ ಬಾಗಿದರು. ಅವಳು ಏರಲಿಲ್ಲ. ನಡುವಿನ ಸ್ಥಾಯಿಯಲ್ಲೇ, ಸಮತಟ್ಟು ರಸ್ತೆಯಲ್ಲಿ ನಡೆದ ಹಾಗೆ, ಒಂದೂ ತಡವರಿಸದೆ ಮುಗಿಸಿದಳು. ತೀರ್ಪುಗಾರರು ಶುದ್ಧವಾದ ಪಾಠ ಎಂದು ಮೆಚ್ಚಿ ಮೊದಲ ಬಹುಮಾನ ಕೊಟ್ಟರು.

ಹೊರಗೆ ಕಾರಿಡಾರಿನಲ್ಲಿ ಅವಳು ಅಮ್ಮನ ಜೊತೆ ನಿಂತಿದ್ದಳು. ಕೈಯಲ್ಲಿ ಪಿನ್ನು ಹೊಡೆದ ಜೆರಾಕ್ಸ್ ಹಾಳೆಗಳು. ಸಿಗದೆ ಉಳಿದ ಮೂರರಲ್ಲಿ ಒಂದರ ಜೆರಾಕ್ಸಿನದೂ ಜೆರಾಕ್ಸ್ ಇರಬೇಕು, ಅಕ್ಷರ ಮಾಸಿತ್ತು, ಕೆಳಗಿನ ಚುಕ್ಕಿಗಳು ಧೂಳಿನಂತಿದ್ದವು.

"ಒಸಿ ಕೊಡ್ತೀಯಾ ಮಗ, ಇದ್ನ?" ಎಂದು ಚಿಕ್ಕಮುನಿಯಪ್ಪ ಕೈಚಾಚಿದರು. ಜೇಬಿನಿಂದ ಪೆನ್ನು ತೆಗೆದಿದ್ದರು. "ಇಲ್ಲೊಂದ್ ತಪ್ಪಾಗದೆ. ಇದು ಮೇಲಕ್ಕೆ ಓಗ್ಬೇಕು."

ಹುಡುಗಿ ಅಮ್ಮನನ್ನು ನೋಡಿದಳು. "ಇಲ್ಲ ತಾತ, ನಮ್ಮ ಮಿಸ್ಸು ಹೀಗೇ ಹೇಳ್ಕೊಟ್ಟಿರೋದು. ನಾವು ಹದಿನೆಂಟು ಜನಾನೂ ಹೀಗೇ ಹಾಡೋದು."

"ತಪ್ಪು ಕಣವ್ವ ಅದು. ನಾನೇ ಮಾಡಿದ್ದು."

"ತಾತ ನೀವು ಸಂಗೀತದೋರಾ?" ಎಂದಳು ತಾಯಿ, ಮರ್ಯಾದೆಯಿಂದಲೇ.

ಅವರು ಸ್ವಲ್ಪ ಯೋಚಿಸಿದರು. "ಅಲ್ಲ ತಾಯಿ."

"ಬೇಜಾರ್ ಮಾಡ್ಕೋಬೇಡಿ. ಈಗ ಬದಲಾಯಿಸಿದ್ರೆ ಮಗು ಗಲಿಬಿಲಿ ಆಗತ್ತೆ" ಎಂದು ಅವಳು ಹಾಳೆಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಹುಡುಗಿ ಮೆಟ್ಟಿಲಿಳಿಯುತ್ತ ಆ ಸಾಲನ್ನೇ ಗುನುಗುತ್ತಿದ್ದಳು. ಬೀದಿಯ ಗದ್ದಲದಲ್ಲಿ ಕರಗುವವರೆಗೂ ಚಿಕ್ಕಮುನಿಯಪ್ಪ ಅದನ್ನು ಕೇಳುತ್ತ ನಿಂತಿದ್ದರು, ಪೆನ್ನಿನ ಮುಚ್ಚಳ ಒಂದು ಕೈಯಲ್ಲಿ, ಪೆನ್ನು ಇನ್ನೊಂದರಲ್ಲಿ. ಆಟೋ ಸಿಗುತ್ತದೆ ಬನ್ನಿ ಎಂದೆ. ನಡೆದೇ ಹೋಗುತ್ತೇನೆ ಎಂದರು.